ಮಗುವಾದ ಮೇಲೆ ಪೂಜೆ ತಪ್ಪಿದರೆ ದೇವರು ಸಿಟ್ಟಾಗುತ್ತಾನಾ?

ತಂಗಿ, ನಿನ್ನ ಪ್ರಶ್ನೆ ಓದಿದೆ. ಮಗುವಿಗೆ ಹತ್ತು ತಿಂಗಳು. ಸಂಸಾರ ಬೆಂಗಳೂರಿನಲ್ಲಿ. ರಾತ್ರಿ ನಿದ್ದೆ ಇಲ್ಲ, ಹಗಲು ಆಫೀಸು. ದೇವರ ಮುಂದೆ ದೀಪ ಹಚ್ಚಿ ಎಷ್ಟು ದಿನವಾಯಿತೋ ನಿನಗೇ ನೆನಪಿಲ್ಲ ಅಂತ ಬರೆದಿದ್ದೀಯ. ಅತ್ತೆ ಗಂಗಾವತಿ ಕಡೆಯವರು. ಪೂಜೆ ಬಿಟ್ಟಿದ್ದಕ್ಕೇ ಮಗುವಿಗೆ ಪದೇ ಪದೇ ನೆಗಡಿ ಅಂತಾರೆ. ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಕರೆತಂದು ಜವಳ, ಅಂದರೆ ಮಗುವಿನ ಮೊದಲ ಕೂದಲು, ತೆಗೆಸಿ ಅಂತ ದಿನಾ ಫೋನು. ದೇವರು ನಿಜಕ್ಕೂ ಸಿಟ್ಟಾಗುತ್ತಾನಾ, ಹಿಂದಿನವರು ಇದನ್ನೆಲ್ಲ ಹೇಗೆ ನಿಭಾಯಿಸಿದರು, ಮುಂದೆ ಮಗುವಿಗೆ ಇದನ್ನೆಲ್ಲ ಹೇಗೆ ಕಲಿಸಲಿ ಅಂತ ಕೇಳಿದ್ದೀಯ.

ನಾನು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು ಎಪ್ಪತ್ತರ ಹತ್ತಿರ. ನಾನು ಮಾತಾಡಿದ್ದನ್ನು ಮೊಬೈಲು ಬರೆದುಕೊಳ್ಳುತ್ತದೆ, ತಪ್ಪನ್ನು ಮೊಮ್ಮಗಳು ತಿದ್ದುತ್ತಾಳೆ. ಉದ್ದವಾದರೆ ಬೈಯಬೇಡ.

ನೆಗಡಿಗೂ ದೀಪಕ್ಕೂ ಸಂಬಂಧ ಇಲ್ಲ. ಚಿಕ್ಕ ಮಕ್ಕಳಿಗೆ ವರ್ಷದಲ್ಲಿ ಆರೆಂಟು ಸಲ ನೆಗಡಿ ಬಂದು ಹೋಗುವುದು ಮಾಮೂಲು. ಆದರೆ ಮಗು ಜೋರಾಗಿ ಉಸಿರು ಎಳೆಯುತ್ತಿದ್ದರೆ, ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ಬಿಟ್ಟರೆ, ಒಂದು ಗಳಿಗೆಯೂ ಕಾಯಬೇಡ. ಆಸ್ಪತ್ರೆಗೆ ಓಡು. ಇದನ್ನು ಸುಮ್ನೆ ಹೇಳುತ್ತಿಲ್ಲ.

ನನ್ನ ಎರಡನೆಯ ಕೂಸು ಉಳಿಯಲಿಲ್ಲ. ಹೆಣ್ಣು ಕೂಸು. ಅಂಬೆಗಾಲು ಬಿಟ್ಟು ಆಗಷ್ಟೇ ನಡೆಯಲು ಕಲಿತಿತ್ತು. ಮೈಮೇಲೆ ದಡಾರ ಎದ್ದಿತು. ನಮ್ಮ ಕಡೆ ಅದಕ್ಕೆ ಗೊಬ್ಬರ ಅಂತೀವಿ. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಊರಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗೊಬ್ಬರ ಎದ್ದರೆ ಮನೆಗೆ ದೇವಿ ಬಂದಳು ಅಂತ ಲೆಕ್ಕ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದರು. ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಮೈಮೇಲೆ ಎದ್ದದ್ದು ಬಾಡುತ್ತಾ ಬಂತು, ಎಲ್ಲರೂ ದೇವಿ ಇಳಿದಳು ಅಂದರು. ಅಷ್ಟರಲ್ಲಿ ಉಸಿರು ಹಿಡಿಯಿತು. ಬಳ್ಳಾರಿಗೆ ಒಯ್ಯುವ ದಾರಿಯಲ್ಲೇ ಮುಗಿದುಹೋಯಿತು.

ಸಮಾಧಾನ ಹೇಳಲು ಬಂದವರದೆಲ್ಲ ಒಂದೇ ಮಾತು. ಸಟವಿ ಬರೆದದ್ದನ್ನು ಯಾರು ತಪ್ಪಿಸುತ್ತಾರೆ? ಮಗು ಹುಟ್ಟಿದ ಐದನೆಯ ರಾತ್ರಿ ಸಟವಿ ಬಂದು ಹಣೆಬರಹ ಬರೆಯುತ್ತಾಳೆ ಅಂತ ನಮ್ಮಲ್ಲಿ ನಂಬಿಕೆ. ನಿನ್ನ ಅತ್ತೆಗೂ ಇದು ಗೊತ್ತಿರುತ್ತದೆ. ಆ ಮಾತು ಕೇಳಿ ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಥದ್ದನ್ನು ಬರೆಯುವವಳು ಎಂಥ ತಾಯಿ ಅನ್ನಿಸಿತು. ನಾನು ಜಗಲಿಯ ದೇವರಿಗೆ (ದೇವರನ್ನು ಇಡುವ ಕಟ್ಟೆಗೆ ನಮ್ಮಲ್ಲಿ ಜಗಲಿ ಅಂತೀವಿ) ಕೈ ಮುಗಿಯುವುದನ್ನೇ ಬಿಟ್ಟೆ. ವಿಭೂತಿ ಹಚ್ಚಲಿಲ್ಲ. ಶ್ರಾವಣ ಬಂತು, ಹೋಯಿತು, ನಾನು ಯಾವ ಗುಡಿಯ ಮೆಟ್ಟಿಲನ್ನೂ ಹತ್ತಲಿಲ್ಲ.

ನನ್ನ ಅತ್ತೆ ಒಂದು ಮಾತೂ ಅನ್ನಲಿಲ್ಲ. ಸಂಜೆಯಾದರೆ ತಾವೇ ಎದ್ದು ದೀಪ ಹಚ್ಚುತ್ತಿದ್ದರು. ಓಣಿಯ ಹೆಂಗಸರು ನನ್ನ ಬಗ್ಗೆ ಆಡಿಕೊಂಡಾಗ, 'ಯಾರ ಹಚ್ಚಿದ್ರೇನವ್ವಾ, ದೀಪ ಉರೀತೈತಿಲ್ಲೋ' ಅಂದರು. ಆ ವರ್ಷವೂ ಮಳೆ ಬಂತು. ಎಮ್ಮೆ ಈಯಿತು. ಮುಂದೆ ಗಂಡು ಮಗುವೂ ಆಯಿತು. ಸಿಟ್ಟು ಇದ್ದದ್ದು ನನಗೆ. ದೇವರ ಕಡೆಯಿಂದ ಸಿಟ್ಟಿನ ಸುಳಿವೂ ಬರಲಿಲ್ಲ. ಮತ್ತೆ ಯಾವಾಗ ಕೈ ಮುಗಿದೆ ಅಂತ ಕೇಳಿದರೆ ಇಂಥ ದಿನ ಅಂತ ಹೇಳಲಾರೆ. ಒಂದು ದಿನ ನೋಡಿದರೆ ಮುಗಿಯುತ್ತಿದ್ದೆ, ಅಷ್ಟೇ.

ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದು. ಬೇಕಂತಲೇ ದೇವರಿಗೆ ಬೆನ್ನು ಹಾಕಿ ಕೂತವಳಿಗೇ ಏನೂ ಆಗಲಿಲ್ಲ. ಕೂಸಿನ ಬಟ್ಟೆ ಒಗೆಯುತ್ತಾ ದೀಪ ಮರೆತವಳಿಗೆ ಏನಾಗುತ್ತದೆ?

1985ರಿಂದ ಸರ್ಕಾರದ ಲಸಿಕೆಗಳಲ್ಲಿ ದಡಾರದ್ದೂ ಸೇರಿತು. ನಮ್ಮೂರಿನ ತನಕ ಅದು ಬಂದಾಗ ನನ್ನ ಕಿರಿ ಮಗನನ್ನು ಎತ್ತಿಕೊಂಡು ಮೊದಲು ಹೋದವರು ಅತ್ತೆಯೇ. ಸೂಜಿ ಚುಚ್ಚಿಸಿ, ಅಳುವ ಹುಡುಗನನ್ನು ಹಾಗೇ ದ್ಯಾಮವ್ವನ ಗುಡಿಗೆ ಒಯ್ದು ಕಾಯಿ ಒಡೆಸಿ ಬಂದರು. ಅವರಿಗೆ ಇದರಲ್ಲಿ ಏನೂ ಗೊಂದಲ ಕಾಣಲಿಲ್ಲ. ಸಿಡುಬಿನ ಕಾಲ ಕಂಡವರು ಅವರು. ನನ್ನ ತೋಳಿನ ಮೇಲೂ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಿದ ಗುರುತು ಇನ್ನೂ ಇದೆ. 1975ರ ಹೊತ್ತಿಗೆ ನಮ್ಮ ದೇಶದಿಂದಲೇ ಸಿಡುಬು ಹೋಯಿತು. ಅದನ್ನು ಓಡಿಸಿದ್ದು ದಾಕು ಅಂತ ಓದು ಬಾರದ ಅತ್ತೆಗೂ ಗೊತ್ತಿತ್ತು. ಆದರೂ ದೇವಿಗೆ ಉಡಿ ತುಂಬುವುದನ್ನು ಅವರು ಬಿಡಲಿಲ್ಲ. ಅಂದಹಾಗೆ, ಒಂಬತ್ತು ತಿಂಗಳಿಗೆ ಹಾಕಿಸುವ ದಡಾರದ ಸೂಜಿ ನಿನ್ನ ಮಗುವಿಗೆ ಆಗಿದೆ ತಾನೇ? ಆಗಿಲ್ಲದಿದ್ದರೆ ಜವಳಕ್ಕಿಂತ ಅದು ಮೊದಲು.

ಹಿಂದಿನವರು ಹೇಗೆ ನಿಭಾಯಿಸಿದರು ಅಂತ ಕೇಳಿದೆಯಲ್ಲ. ಗಂಟೆಗಟ್ಟಲೆ ಪೂಜೆಗೆ ಕೂತ ಹೆಂಗಸನ್ನು ನಾನು ನೋಡಿದ್ದು ಟಿವಿ ಧಾರಾವಾಹಿಯಲ್ಲೇ. ಬೆಳಕು ಹರಿಯುವ ಮೊದಲು ಬೀಸುಕಲ್ಲು, ಆಮೇಲೆ ಸೆಗಣಿ ಬಳಿಯುವುದು, ನೀರು ಹೊರುವುದು, ರೊಟ್ಟಿ ಬಡಿಯುವುದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ನಡುವೆ ಮೈತೊಳೆದು, ಹಣೆಗೆ ವಿಭೂತಿ ಎಳೆದು, ಜಗಲಿ ಕಡೆ ಒಮ್ಮೆ ಕೈ ಎತ್ತಿದರೆ ಅವತ್ತಿನ ಪೂಜೆ ಮುಗಿಯಿತು. ಬಾಣಂತಿಯಾದರೆ ಅದೂ ಇಲ್ಲ. ಶರಣರು ಐದು ಸೂತಕಗಳನ್ನೂ ಅಲ್ಲಗಳೆದರು, ಹುಟ್ಟಿನ ಸೂತಕ ಅದರಲ್ಲಿ ಒಂದು. ಲಿಂಗಾಯತರ ಮನೆಯಾದರೂ ನಮ್ಮಲ್ಲಿ ಬಾಣಂತಿಯನ್ನು ಜಗಲಿ ಹತ್ತಿರ ಬಿಡುತ್ತಿರಲಿಲ್ಲ. ಕೇಳಿದರೆ ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ನನಗಂತೂ ಒಳ್ಳೆಯದೇ ಆಯಿತು, ಮಲಗಲು ಸಿಕ್ಕಿತು.

ಹಾಗಾದರೆ ನಮ್ಮ ಭಕ್ತಿ ಎಲ್ಲಿತ್ತು? ಜನವರಿಯಲ್ಲಿ ಕೊಪ್ಪಳಕ್ಕೆ ಬಂದು ನೋಡು. ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರನ ತೇರು. ಅದಕ್ಕೆ ಎಷ್ಟೋ ದಿನ ಮೊದಲೇ ಸುತ್ತಲ ಹಳ್ಳಿಗಳಲ್ಲಿ ರೊಟ್ಟಿ ಬಡಿಯಲು ಶುರು. ಒಂದೊಂದು ದಿನ ಒಬ್ಬರ ಮನೆ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡುತ್ತೇವೆ. ಒಬ್ಬಳು ಹಿಟ್ಟು ನಾದುತ್ತಾಳೆ, ಇಬ್ಬರು ಬಡಿಯುತ್ತಾರೆ, ಒಬ್ಬಳು ಹಂಚಿನ ಮುಂದೆ. ಎಳೆ ಕೂಸಿನ ತಾಯಿ ಕಂಬಕ್ಕೆ ಒರಗಿ ಹಾಲು ಕುಡಿಸುತ್ತಾ ಮಾತಾಡುತ್ತಿರುತ್ತಾಳೆ. ಆಕೆಗೆ ಯಾರೂ ಕೆಲಸ ಹೇಳುವುದಿಲ್ಲ. ಜೋಳದ ರೊಟ್ಟಿ ಕಟಕ್ ಅನ್ನುವಂತೆ ಒಣಗಿದರೆ ಕೆಡುವುದಿಲ್ಲ. ಗಂಟು ಕಟ್ಟಿ ಟ್ರ್ಯಾಕ್ಟರಿಗೆ ಏರಿಸಿ, ಮುಂದೆ ಡೊಳ್ಳು ಬಾರಿಸುತ್ತಾ ಮಠಕ್ಕೆ ಕಳಿಸುತ್ತೇವೆ. ಎಲ್ಲ ಊರಿನದೂ ಸೇರಿ ಲಕ್ಷಗಟ್ಟಲೆ ರೊಟ್ಟಿ. ಮಾದಲಿಯೂ ಹೋಗುತ್ತದೆ. ಈಗೀಗ ಒಂದು ದಿನ ದಾಸೋಹದಲ್ಲಿ ಮಿರ್ಚಿ ಬಜಿಯೂ ಇರುತ್ತದೆ. ಮೊಮ್ಮಕ್ಕಳಿಗೆ ಜಾತ್ರೆ ಅಂದರೆ ಅದೇ ದಿನ.

ನಾನು ಬಡಿದ ರೊಟ್ಟಿ ಯಾರು ತಿಂದರು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಯಾವ ಜಾತಿಯವರೋ, ಯಾವ ಊರಿನವರೋ. ಕೂಸು ಹೋದ ವರ್ಷ ದೀಪ ಬಿಟ್ಟಿದ್ದೆ ಅಂದೆನಲ್ಲ, ರೊಟ್ಟಿ ಬಿಟ್ಟಿರಲಿಲ್ಲ. ನೆರೆಯವರು ಕರೆದರು, ಹೋಗಿ ಕೂತೆ. ಕೈ ತಾನಾಗಿ ಬಡಿಯಿತು. ಅದೂ ಪೂಜೆಯೇ ಅಂತ ಆಗ ಹೊಳೆದಿರಲಿಲ್ಲ. ಹೊಳೆದಿದ್ದರೆ ಆ ಸಿಟ್ಟಿನಲ್ಲಿ ಅದನ್ನೂ ಬಿಡುತ್ತಿದ್ದೆನೇನೋ! ನೀನು ನಡುರಾತ್ರಿ ಎದ್ದು ಹಾಲು ಕುಡಿಸುವುದನ್ನು ನಾನು ಆ ರೊಟ್ಟಿಯ ಲೆಕ್ಕಕ್ಕೇ ಹಾಕುತ್ತೇನೆ. ನಿನಗೆ ಒಪ್ಪಿಗೆ ಇಲ್ಲದಿದ್ದರೂ ಪರವಾಗಿಲ್ಲ.

ಇನ್ನೊಂದು ವಿಷಯ. ನಿನ್ನ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ನೀನಿದ್ದೀಯ, ಮಗು ಇದೆ, ಅತ್ತೆ ಇದ್ದಾರೆ, ದೇವರಿದ್ದಾನೆ. ನಿನ್ನ ಗಂಡ ಎಲ್ಲೂ ಇಲ್ಲ. ಅವನಿಗೆ ಕಡ್ಡಿ ಗೀರಲು ಬರುವುದಿಲ್ಲವಾ? ನಮ್ಮಲ್ಲಿ ಲಿಂಗ ಕಟ್ಟಿಕೊಂಡ ಗಂಡಸರು ತಮ್ಮ ಪೂಜೆ ತಾವೇ ಮಾಡಿಕೊಳ್ಳುತ್ತಾರೆ. ದೀಪ ಹೆಂಗಸೇ ಹಚ್ಚಬೇಕು ಅಂತ ಎಲ್ಲಿದೆ? ಸಂಜೆ ಅವನು ಹಚ್ಚಲಿ. ಅತ್ತೆ ಫೋನು ಮಾಡಿದಾಗ ಅವನೇ ಎತ್ತಿ ಹೇಳಲಿ. ಮಗನ ಬಾಯಿಂದ ಬಂದ ಮಾತು ಬೇರೆ ಥರ ಕೇಳಿಸುತ್ತದೆ, ನಾನೂ ಅತ್ತೆ, ನನಗೆ ಗೊತ್ತು.

ಅತ್ತೆಯ ಮೇಲೆ ಜಾಸ್ತಿ ಬೇಜಾರು ಮಾಡಿಕೊಳ್ಳಬೇಡ. ಮೊಮ್ಮಗುವಿಗೆ ನೆಗಡಿ ಅಂತ ಗಂಗಾವತಿಯಲ್ಲಿ ಕೂತು ಕೇಳಿದರೆ ಅವರು ಏನು ಮಾಡಬೇಕು? ಎದೆಗೆ ಎಣ್ಣೆ ಹಚ್ಚಲು ಆಗುವುದಿಲ್ಲ, ಬಜೆ ತೇಯ್ದು ಕೊಡಲು ಆಗುವುದಿಲ್ಲ. (ಬಜೆ ಕೂಸಿನ ಹೊಟ್ಟೆಗೆ ಒಳ್ಳೆಯದಲ್ಲ ಅಂತ ಈಗಿನ ಡಾಕ್ಟರು ಹೇಳುತ್ತಾರೆ, ಅದು ಬೇರೆ ಮಾತು.) ಫೋನಿನಲ್ಲಿ ಕಳಿಸಲು ಆಗುವುದು ದೇವರ ಮಾತು ಒಂದೇ. ಅದನ್ನೇ ಕಳಿಸುತ್ತಾರೆ. 'ಅತ್ತೆ, ನಮ್ಮ ಹೆಸರಿನಲ್ಲಿ ನೀವೇ ದೀಪ ಹಚ್ಚಿ, ವಿಡಿಯೋದಲ್ಲಿ ಮಗು ನೋಡಲಿ' ಅಂದು ನೋಡು. ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಉಳಿದರ್ಧ ಇದ್ದೇ ಇರುತ್ತದೆ, ಅತ್ತೆ-ಸೊಸೆ ಅಲ್ವಾ.

ಮಗುವಿಗೆ ಹೇಗೆ ಕಲಿಸಲಿ ಅಂದೆ. ನನ್ನ ಕಿರಿ ಮಗ, ಸೊಸೆ ಸುಗ್ಗಿ ಮುಗಿದರೆ ನಿಮ್ಮ ಬೆಂಗಳೂರಿಗೇ ಗುಳೆ ಬರುತ್ತಾರೆ, ಗಾರೆ ಕೆಲಸಕ್ಕೆ. ಮಕ್ಕಳು ನನ್ನ ಹತ್ತಿರ. ಅವಕ್ಕೆ ನಾನು ಕೂರಿಸಿಕೊಂಡು ಏನೂ ಹೇಳಿಕೊಟ್ಟಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡುತ್ತವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಂದು 'ಹುಲ್ಲುಲ್ಲಿಗೋ' ಅಂತ ಕೂಗುತ್ತಾ ನನ್ನ ಜೊತೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲುತ್ತವೆ. ಮೊಹರಂಗೆ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಕುಣಿದು, ಮಾಲ್ದಿ ತಿಂದು ಮಲಗುತ್ತವೆ. ನಮ್ಮ ಕಡೆ ಮೊಹರಂ ಎಲ್ಲರದ್ದೂ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಂತೂ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಊರುಗಳಲ್ಲಿ ಹೆಸರು ಕರೆದು ನೋಡು: ಫಕ್ಕೀರಪ್ಪ, ಹುಸೇನಪ್ಪ, ಗವಿಸಿದ್ದಪ್ಪ, ಹುಲಿಗೆಮ್ಮ. ಯಾವ ತಾಯಿ ಯಾರಿಗೆ ಹರಕೆ ಹೊತ್ತಿದ್ದಳು ಅಂತ ಮಕ್ಕಳ ಹೆಸರೇ ಹೇಳುತ್ತದೆ. ಹಬ್ಬಕ್ಕೆ ಊರಿಗೆ ಕರೆತಾ, ಬಾಕಿಯದನ್ನು ಮಗು ತಾನೇ ನೋಡಿಕೊಳ್ಳುತ್ತದೆ.

ಹರಕೆ ಅಂದಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊತ್ತರೆ ನೀನು ತೀರಿಸುವಂಥದ್ದನ್ನು ಹೊರು. ಕಾಯಿ, ಸೀರೆ, ನಾಲ್ಕು ಮಂದಿಗೆ ಊಟ. ಮಗುವಿನ ಬದುಕಿನ ಮೇಲೆ ಹರಕೆ ಬೇಡ. ಮನೆಯಲ್ಲಿ ಕಾಯಿಲೆ ಅಂತ, ಗಂಡು ಮಗು ಇಲ್ಲ ಅಂತ, ಹೆಣ್ಣು ಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರಾಗಿ ದೇವಿಗೆ ಬಿಟ್ಟ ಸೀಮೆ ಇದು. 1982ರಲ್ಲಿ ಅದರ ವಿರುದ್ಧ ಕಾನೂನು ಬಂತು. ಅಂಥ ಹರಕೆಯ ಸಾಲವನ್ನು ಜೀವನವಿಡೀ ತೀರಿಸಿದ ಹೆಂಗಸರು ಈಗಲೂ ನಮ್ಮ ನಡುವೆ ಮುದುಕಿಯರಾಗಿ ಬದುಕಿದ್ದಾರೆ. ಅವರನ್ನು ನೋಡಿದಾಗ ಭಕ್ತಿಯ ಬಗ್ಗೆ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಟಲಲ್ಲೇ ನಿಲ್ಲುತ್ತದೆ.

ಜವಳಕ್ಕೆ ಅವಸರ ಏನಿಲ್ಲ. ನಮ್ಮ ಮನೆತನದಲ್ಲಿ ಬೆಸ ತಿಂಗಳು ಇಲ್ಲವೇ ಬೆಸ ವರ್ಷ ನೋಡುತ್ತಾರೆ. ಈ ವರ್ಷ ಆಗದಿದ್ದರೆ ಮೂರನೆಯ ವರ್ಷದಲ್ಲಿ ತೆಗೆಸಿದರೂ ನಡೆಯುತ್ತದೆ. ಹುಲಿಗಿಗೆ ರೈಲಿನಲ್ಲಿ ಬಂದರೆ ಮುನಿರಾಬಾದಿನಲ್ಲಿ ಇಳಿ, ಹತ್ತಿರ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬೇಡ. ಮೊದಲೇ ಗದ್ದಲ, 2023ರಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಇನ್ನೂ ಜಾಸ್ತಿ. ಬುಧವಾರವೋ ಗುರುವಾರವೋ ಬೆಳಿಗ್ಗೆ ಬೇಗ ಬಾ. ಬ್ಲೇಡು ಹೊಸದು ನೀನೇ ತಂದುಕೊಡು, ಸಂಕೋಚ ಬೇಡ. ಗುಡಿ ಇರುವುದು ತುಂಗಭದ್ರೆಯ ದಂಡೆಯಲ್ಲಿ, ಮೇಲೆ ಹತ್ತಿರದಲ್ಲೇ ಡ್ಯಾಮು. ಮಳೆಗಾಲದಲ್ಲಿ ಗೇಟು ತೆರೆದಿದ್ದರೆ ಮಗುವನ್ನು ಎತ್ತಿಕೊಂಡು ಹೊಳೆಗೆ ಇಳಿಯಬೇಡ, ಒಂದು ಚೊಂಬು ನೀರು ತರಿಸಿ ತಲೆಗೆ ಹಾಕಿದರೆ ಸಾಕು. ಬೇಸಿಗೆಯಲ್ಲಂತೂ ಬರಲೇಬೇಡ. ಯಾವಾಗ ಬಂದರೂ ಹತ್ತಿ ಬಟ್ಟೆಯ ಟೋಪಿ ಒಂದು ಚೀಲದಲ್ಲಿರಲಿ, ಬೋಳು ತಲೆಗೆ ನಮ್ಮ ಬಿಸಿಲು ತಡೆಯುವುದಿಲ್ಲ.