ಚೀಪಿದರೆ ಚೀಪಲಿ ಬಿಡಿ

ಹಿರಿಯ ಓದುಗರೊಬ್ಬರ ಪತ್ರ: ‘ಒಂಬತ್ತು ತಿಂಗಳ ಮೊಮ್ಮಗಳನ್ನು ಚುಚ್ಚುಮದ್ದಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಅವಳ ಕೈಗೆ ಚಿತ್ರದ ಪುಸ್ತಕ ಕೊಟ್ಟರು. ಅವಳು ಚೀಪಿದಳು. ಹಾಳಾಗದಿರಲಿ ಅಂತ ಕಪಾಟಿನ ಮೇಲೆ ಇಟ್ಟಿದ್ದೇನೆ. ಓದು ಕಲಿಸೋದು ಮೇಷ್ಟರ ಕೆಲಸ. ಡಾಕ್ಟರಿಗೆ ಇದೆಲ್ಲ ಯಾಕೆ?’

ಸಂಪಾದಕರ ಉತ್ತರ: ಚೀಪಿದಳಾ? ಒಳ್ಳೇದೇ ಆಯಿತು. ಆ ವಯಸ್ಸಿನಲ್ಲಿ ಯಾವುದರ ಪರಿಚಯವಾದರೂ ಬಾಯಿಂದಲೇ ಶುರು. ಎಳೆ ಮಕ್ಕಳ ಪುಸ್ತಕಕ್ಕೆ ದಪ್ಪ ರಟ್ಟಿನ ಹಾಳೆ ಹಾಕುವುದು ಅದಕ್ಕೇ.

ನಿಮ್ಮ ಮಾತಿನಲ್ಲೂ ಹುರುಳಿದೆ. ಹೊರಗೆ ಸಾಲು ಬೆಳೆದಿರುತ್ತದೆ, ಡಾಕ್ಟರಿಗೆ ಪುರುಸೊತ್ತಿಲ್ಲ. ಒಪ್ಪಿದೆ. ಆದರೆ ಮಾತು ಮೊಳೆಯುವ ಈ ದಿನಗಳಲ್ಲಿ ನಿಮ್ಮ ಮೊಮ್ಮಗಳನ್ನು ಮೇಷ್ಟರು ಎಷ್ಟು ಸಲ ನೋಡುತ್ತಾರೆ ಹೇಳಿ? ಒಂದು ಸಲವೂ ಇಲ್ಲ. ಡಾಕ್ಟರು, ನರ್ಸು ನೋಡುತ್ತಲೇ ಇರುತ್ತಾರೆ. ತೂಕ, ಚುಚ್ಚುಮದ್ದು, ಜ್ವರ, ಮತ್ತೆ ತೂಕ.

ಇದು ನಿಮ್ಮ ಡಾಕ್ಟರೊಬ್ಬರ ಹುಚ್ಚೂ ಅಲ್ಲ. 1989ರಲ್ಲಿ ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ‘ರೀಚ್ ಔಟ್ ಅಂಡ್ ರೀಡ್’ ಶುರುವಾಯಿತು. ಮೊದಮೊದಲು ಆರು ತಿಂಗಳಿಂದ ಐದು ವರ್ಷದವರೆಗೆ, ತಪಾಸಣೆಗೆ ಬಂದಾಗ ಮಗುವಿಗೊಂದು ಹೊಸ ಪುಸ್ತಕ, ಮನೆಯವರಿಗೆ ಎರಡು ಮಾತು. 1992ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಳೆ ಮಕ್ಕಳಿಗೆ ಪುಸ್ತಕ ಕೊಡುವ ‘ಬುಕ್‌ಸ್ಟಾರ್ಟ್’ ಬಂತು. ಹುಟ್ಟಿದಾಗಿನಿಂದಲೇ ಓದಿ ಹೇಳಲು ಮನೆಯವರಿಗೆ ತಿಳಿಸಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ತನ್ನ ವೈದ್ಯರಿಗೇ ಹೇಳಿತು.

ಜಾಣ ಡಾಕ್ಟರು ಪುಸ್ತಕವನ್ನು ಕೊನೆಗೆ ಕೊಡುವುದಿಲ್ಲ, ಸ್ಟೆತಸ್ಕೋಪ್ ಎತ್ತುವ ಮೊದಲೇ ಕೊಟ್ಟು ಸುಮ್ನೆ ನೋಡುತ್ತಾರೆ. ಇಂಥದ್ದನ್ನು ನಾನೊಮ್ಮೆ ಪಕ್ಕದಲ್ಲೇ ಕೂತು ಕಂಡಿದ್ದೇನೆ. ಒಂದೂವರೆ ವರ್ಷದ ಹುಡುಗ. ಪುಸ್ತಕ ತಲೆಕೆಳಗಾಗಿ ಕೈಗೆ ಬಂತು. ಒಂದು ಗಳಿಗೆ ನೋಡಿದ, ತಿರುಗಿಸಿ ನೇರ ಮಾಡಿಕೊಂಡ, ನಾಯಿಯ ಮೇಲೆ ಬೆರಳಿಟ್ಟು ಅಮ್ಮನ ಮುಖ ನೋಡಿದ. ಕಣ್ಣು, ಕೈ, ತಿಳಿವಳಿಕೆ ಎಲ್ಲದರ ಸುಳಿವೂ ಡಾಕ್ಟರಿಗೆ ಅಲ್ಲೇ ಸಿಕ್ಕಿತು. ಆ ತಾಯಿ ಮೆಲ್ಲಗೆ, ‘ನಂಗೆ ಓದೋಕೆ ಬರಲ್ಲ’ ಅಂದಳು. ‘ಓದಬೇಡಮ್ಮ, ಚಿತ್ರ ನೋಡಿ ಏನು ತೋಚುತ್ತೋ ಹೇಳು’ ಅಂದರು ಡಾಕ್ಟರು.

ನನ್ನ ಸಿಟ್ಟು ಬೇರೆಯದರ ಮೇಲೆ. ಕಾಯುವ ಕೋಣೆಯಲ್ಲಿ ಯಾರೂ ನೋಡದ ಟೀವಿ ಒದರುತ್ತಿರುತ್ತದೆ. ಅತ್ತ ಮಗುವಿಗೆ ಮೊಬೈಲು. ಅದನ್ನು ಯಾರೂ ‘ಇದೆಲ್ಲ ಯಾಕೆ’ ಅಂತ ಕೇಳಲ್ಲ, ಅಲ್ವಾ? ಪುಸ್ತಕ ಕಂಡರೆ ಮಾತ್ರ ಪಾಠ, ಪರೀಕ್ಷೆ ನೆನಪಾಗುತ್ತದೆ. ಪತ್ರಿಕೆಯವರೂ ಕಮ್ಮಿಯೇನಿಲ್ಲ. ನಮ್ಮ ಮಕ್ಕಳ ಪುಟ ಶುರುವಾಗುವುದೇ ಅಕ್ಷರ ಬಂದವರಿಂದ.

ಇರಲಿ. ನಿಮ್ಮ ಅಕ್ಷರ ದುಂಡಾಗಿದೆ, ಪತ್ರದಲ್ಲಿ ಕತೆ ಹೇಳುವ ಧಾಟಿಯಿದೆ. ಅಂಥ ಅಜ್ಜ ಮನೆಯಲ್ಲಿರುವಾಗ ಆ ಪುಸ್ತಕ ಕಪಾಟಿನ ಮೇಲೇಕೆ? ಕೆಳಗಿಳಿಸಿ. ಅವಳ ಕೈಗೆ ಎಟುಕುವ ಹಾಗೆ.