ವರ್ಷದ ಕೊನೆಯ ಎರಡು ದಿನ: ಸೆಮ್ಮರಿಂಗ್, ಲೀಯೆಂಟ್ಸ್ ಮತ್ತು ಹೆಂಗಸರ ಸ್ಲಾಲಮ್

ಶಿರಸಿ ಕಡೆಯ ಹೈಸ್ಕೂಲೊಂದರ ದೈಹಿಕ ಶಿಕ್ಷಣ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಡಿಸೆಂಬರ್ ಕೊನೆಯಲ್ಲಿ ಆಸ್ಟ್ರಿಯಾದಲ್ಲಿ ನಡೆಯುವ ಹೆಂಗಸರ ಸ್ಕೀ ಸ್ಪರ್ಧೆಯ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಒಂದರಲ್ಲಿ ಸೆಮ್ಮರಿಂಗ್ ಅಂತಿರುತ್ತದೆ, ಇನ್ನೊಂದರಲ್ಲಿ ಲೀಯೆಂಟ್ಸ್ ಅಂತಿರುತ್ತದೆ. ತಾರೀಖು ಮಾತ್ರ ಹೆಚ್ಚುಕಡಿಮೆ ಅದೇ. ಇದು ಒಂದೇ ಸ್ಪರ್ಧೆಯೋ, ಎರಡೋ? ಇದಕ್ಕೆ ಅದರದ್ದೇ ಚರಿತ್ರೆ ಇದೆಯಾ, ಇಲ್ಲ ಗಂಡಸರ ಸ್ಪರ್ಧೆಯ ಜೊತೆ ಸುಮ್ನೆ ಸೇರಿಸಿದ್ದಾ? ನಮ್ಮ ಕ್ರೀಡಾಕೂಟಗಳಲ್ಲಿ ಹುಡುಗಿಯರ ಫೈನಲ್ ಯಾವಾಗಲೂ ಜನ ಊಟಕ್ಕೆ ಎದ್ದ ಮೇಲೆ ನಡೆಯುತ್ತದೆ. ಅದಕ್ಕೇ ಕೇಳಿದೆ.”

ಸಂಪಾದಕರ ಉತ್ತರ:

ಟೀಚರ್, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ಸ್ಪರ್ಧೆ ಯಾರ ಬಾಲವೂ ಅಲ್ಲ. ಆ ಎರಡು ದಿನ ಸೆಮ್ಮರಿಂಗಿನಲ್ಲಾಗಲಿ ಲೀಯೆಂಟ್ಸ್‌ನಲ್ಲಾಗಲಿ ಗಂಡಸರ ಸ್ಪರ್ಧೆ ಇರುವುದಿಲ್ಲ. ಅವರ ಪೈಕಿ ವೇಗದ ಸ್ಪರ್ಧೆಯವರು ಸಾಮಾನ್ಯವಾಗಿ ಅದೇ ಹೊತ್ತಿಗೆ ಇಟಲಿಯ ಬೊರ್ಮಿಯೊದಲ್ಲಿ ಇರುತ್ತಾರೆ. ಕ್ರಿಸ್ಮಸ್ ಮುಗಿದು ಹೊಸ ವರ್ಷ ಇನ್ನೂ ಬಂದಿಲ್ಲದ ರಜೆಯ ದಿನಗಳು ಅವು. ಬೆಟ್ಟದ ಕೆಳಗೆ ಸೇರುವ ಜನ ಹೆಂಗಸರ ಸ್ಪರ್ಧೆ ನೋಡಲಿಕ್ಕೇ ಬಂದಿರುತ್ತಾರೆ.

ಈಗ ಊರುಗಳ ವಿಷಯ. ಸ್ಕೀಯಲ್ಲಿ ವಿಶ್ವಕಪ್ ಅಂದರೆ ಒಂದೇ ಪಂದ್ಯಾವಳಿ ಅಲ್ಲ, ಇಡೀ ಋತು ಊರಿಂದ ಊರಿಗೆ ನಡೆಯುವ ಸ್ಪರ್ಧೆಗಳ ಸರಣಿ. ಅದರ ಪಟ್ಟಿಯಲ್ಲಿ ಆ ಜಾಗ ಒಂದೇ, ಅದನ್ನು ಹಂಚಿಕೊಂಡ ಊರುಗಳು ಎರಡು. 2000ದಿಂದ ಈಚೆಗೆ ಸಮ ವರ್ಷಗಳಲ್ಲಿ ಸೆಮ್ಮರಿಂಗ್, ಬೆಸ ವರ್ಷಗಳಲ್ಲಿ ಲೀಯೆಂಟ್ಸ್ ಅಂತ 2024ರವರೆಗೂ ಹೆಚ್ಚುಕಡಿಮೆ ಸರದಿ ನಡೆದುಕೊಂಡು ಬಂತು. ಸಾಮಾನ್ಯವಾಗಿ 28ಕ್ಕೆ ಜೈಂಟ್ ಸ್ಲಾಲಮ್, 29ಕ್ಕೆ ಸ್ಲಾಲಮ್. ಎರಡರಲ್ಲೂ ನೆಟ್ಟ ಕೋಲುಗಳ ನಡುವೆ ತಿರುಗುತ್ತಾ ಇಳಿಯಬೇಕು, ಜೈಂಟ್‌ನಲ್ಲಿ ಕೋಲುಗಳ ನಡುವಿನ ದೂರ ಹೆಚ್ಚು. ಹಾಗಾಗಿ ನೀವು ನೋಡಿದ ವಿಡಿಯೊಗಳಲ್ಲಿ ತಾರೀಖು ಅದೇ, ಬೆಟ್ಟ ಬೇರೆ.

ಬೆಟ್ಟವೇನೋ ತೀರಾ ಬೇರೆ. ಸೆಮ್ಮರಿಂಗ್ ಒಂದು ಘಾಟಿ, ಸುಮಾರು 980 ಮೀಟರ್ ಎತ್ತರದಲ್ಲಿದೆ. ವಿಯೆನ್ನಾದವರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ಹತ್ತಿರ. 1848ರಿಂದ 1854ರವರೆಗೆ ಕಾರ್ಲ್ ಫಾನ್ ಗೇಗಾ ಅವರ ಮುಂದಾಳತ್ವದಲ್ಲಿ ಇಲ್ಲಿ ಕಟ್ಟಿದ ರೈಲು ದಾರಿ 1998ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಸ್ಕೀ ವಿಶ್ವಕಪ್ ಇಲ್ಲಿಗೆ ಬಂದದ್ದು 1990ರ ದಶಕದಲ್ಲಿ. ಲೀಯೆಂಟ್ಸ್ ದೂರದ ಊರು. ಪೂರ್ವ ಟಿರೋಲ್ ಎನ್ನುವ ಜಿಲ್ಲೆಯ ಮುಖ್ಯ ಪಟ್ಟಣ, ಡ್ರಾವ್ ಮತ್ತು ಈಸೆಲ್ ನದಿಗಳು ಕೂಡುವ ಜಾಗ. ಮೊದಲ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಟಿರೋಲ್ ಇಟಲಿಯ ಪಾಲಾಯಿತು. ಆಗ ಈ ಜಿಲ್ಲೆ ಉಳಿದ ಟಿರೋಲ್‌ನಿಂದ ಕಡಿದುಹೋಯಿತು. ಇವತ್ತಿಗೂ ತನ್ನದೇ ರಾಜ್ಯದ ರಾಜಧಾನಿ ಇನ್ಸ್‌ಬ್ರುಕ್‌ಗೆ ಹೋಗಬೇಕೆಂದರೆ ಬೇರೆ ರಾಜ್ಯವನ್ನೋ ಬೇರೆ ದೇಶವನ್ನೋ ದಾಟಬೇಕು. ಇಂಥ ಊರಿಗೆ ಎರಡು ವರ್ಷಕ್ಕೊಮ್ಮೆ ಜಗತ್ತಿನ ಟಿವಿ ಬರುತ್ತಿತ್ತು ಅಂದರೆ ಅದು ಈ ಹೆಂಗಸರಿಂದ.

ಆಸ್ಟ್ರಿಯಾದಲ್ಲಿ ಹೆಂಗಸರ ಸ್ಕೀ ನಿನ್ನೆ ಮೊನ್ನೆಯದಲ್ಲ. 1933ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಆಸ್ಟ್ರಿಯಾದ ಇಂಗೆ ವೆರ್ಸಿನ್-ಲಾಂಟ್ಶ್‌ನರ್ ಹೆಂಗಸರ ಮೂರೂ ಚಿನ್ನ ಗೆದ್ದರು. 1964ರ ಒಲಿಂಪಿಕ್ಸ್ ಅದೇ ಊರಿಗೆ ಬಂದಾಗ ಡೌನ್‌ಹಿಲ್‌ನ, ಅಂದರೆ ಅತಿ ವೇಗದಲ್ಲಿ ಇಳಿಯುವ ಸ್ಪರ್ಧೆಯ, ಮೂರು ಪದಕಗಳೂ ಆಸ್ಟ್ರಿಯಾದ ಹುಡುಗಿಯರಿಗೇ ಹೋದವು. ಆಮೇಲೆ ಬಂದವರು ಆನೆಮರೀ ಮೋಸರ್-ಪ್ರೋಲ್. ಒಟ್ಟು 62 ವಿಶ್ವಕಪ್ ಗೆಲುವು ಅವರದ್ದು. ಆ ದಾಖಲೆಯನ್ನು ಯಾವ ಹೆಂಗಸಿಗೂ 2015ರವರೆಗೆ ಮುರಿಯಲು ಆಗಲಿಲ್ಲ. ಇದನ್ನೆಲ್ಲ ಓಡಿಸಿಕೊಂಡು ಹೇಳಿದೆ, ಯಾಕೆಂದರೆ ನಾನು ನಿಮಗೆ ಹೇಳಬೇಕೆಂದಿರುವ ಕಥೆ ಬೇರೆ.

ಅದಕ್ಕೆ ಮುಂಚೆ ಸ್ಲಾಲಮ್ ಅಂದರೇನು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಇಳಿಜಾರಿನಲ್ಲಿ ನೆಟ್ಟ ಕೋಲುಗಳ ನಡುವೆ ಎಡಕ್ಕೆ, ಬಲಕ್ಕೆ ತಿರುಗುತ್ತಾ ಇಳಿಯಬೇಕು. ಕೋಲುಗಳು ಗುರುತು ಮಾಡುವ ದಾರಿಗೆ ಗೇಟು ಅಂತಾರೆ. ಒಂದು ಗೇಟು ತಪ್ಪಿದರೂ ಆಟ ಮುಗಿದಂತೆ. ಕೋಲಿನ ಬುಡದಲ್ಲಿ ಕೀಲು ಇರುತ್ತದೆ. ಸ್ಪರ್ಧಿ ಅದರ ಪಕ್ಕದಲ್ಲಿ ಹೋಗುವುದಿಲ್ಲ, ಮೊಣಕಾಲ ಕೆಳಗಿನ ಕವಚದಿಂದಲೂ ಮುಷ್ಟಿಯಿಂದಲೂ ಹೊಡೆದು ಮಲಗಿಸಿ, ಮೈಯನ್ನು ಅದರ ಮೇಲೇ ಹಾಯಿಸಿಕೊಂಡು ಹೋಗುತ್ತಾಳೆ. ವಿಡಿಯೊದಲ್ಲಿ ಟಪ್ ಟಪ್ ಅಂತ ಕೇಳಿಸುವ ಸದ್ದು ಅದೇ. ನೆಲವೂ ನಾವು ಚಿತ್ರದಲ್ಲಿ ನೋಡುವ ಮೆತ್ತನೆಯ ಹಿಮ ಅಲ್ಲ. ಸ್ಪರ್ಧೆಗೆ ಮುಂಚೆ ಕೆಲಸದವರು ಹಿಮದ ಒಳಕ್ಕೆ ನೀರು ಚುಚ್ಚಿ ಹಾಯಿಸುತ್ತಾರೆ. ಅದು ರಾತ್ರಿಯ ಚಳಿಗೆ ಗಟ್ಟಿಯಾಗಿ ಮಂಜುಗಡ್ಡೆಯ ಹಾಸು ಆಗುತ್ತದೆ. ಹಾಗೆ ಮಾಡದಿದ್ದರೆ ಹತ್ತು ಜನ ಇಳಿಯುವಷ್ಟರಲ್ಲಿ ತಿರುವುಗಳಲ್ಲಿ ಆಳದ ಗಾಡಿಜಾಡು ಬೀಳುತ್ತದೆ.

ಹಾಸು ಎಷ್ಟೇ ಗಟ್ಟಿಯಿದ್ದರೂ ಜಾಡು ಬೀಳದೆ ಇರುವುದಿಲ್ಲ. ಅದಕ್ಕೇ ಬೆನ್ನ ಮೇಲಿನ ನಂಬರ್ ಬಹಳ ಮುಖ್ಯ. ಹೆಸರು ಮಾಡಿದವರು ಮೊದಲ ಹದಿನೈದರೊಳಗೆ ಇಳಿಯುತ್ತಾರೆ, ಹೊಸಬರು ಕೊನೆಗೆ. ಮೇಲಿಂದ ಕೆಳಗೆ ಒಂದು ಸಲ ಇಳಿದರೆ ಒಂದು ರನ್. ಮೊದಲ ರನ್‌ನಲ್ಲಿ ಮೊದಲ 30ರೊಳಗೆ ಬಂದವರಿಗೆ ಮಾತ್ರ ಎರಡನೇ ರನ್. ಅಲ್ಲಿ ಕ್ರಮ ತಿರುಗುಮುರುಗು, 30ನೆಯವರು ಮೊದಲು ಇಳಿಯುತ್ತಾರೆ, ಮೊದಲಿಗರು ಕೊನೆಗೆ. ಎರಡರ ಸಮಯ ಕೂಡಿಸಿ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಫಲಿತಾಂಶ.

ಈಗ 2011ಕ್ಕೆ ಬನ್ನಿ. ಬೆಸ ವರ್ಷ, ಲೀಯೆಂಟ್ಸ್‌ನ ಸರದಿ. ಡಿಸೆಂಬರ್ 28ರ ಜೈಂಟ್ ಸ್ಲಾಲಮ್ ಅನ್ನು ಆಸ್ಟ್ರಿಯಾದ ಆನಾ ಫೆನಿಂಗರ್ ಗೆದ್ದರು. ಅದು ಅವರ ಮೊದಲ ವಿಶ್ವಕಪ್ ಗೆಲುವು. ಮುಂದೆ ಒಲಿಂಪಿಕ್ ಚಿನ್ನವೂ ಎರಡು ಸಲ ಇಡೀ ಋತುವಿನ ಕಪ್ಪೂ ಅವರಿಗೆ ಬಂದವು. ಮರುದಿನ ಸ್ಲಾಲಮ್. ಗೆದ್ದವರು ಮಾರ್ಲಿಸ್ ಶಿಲ್ಡ್. ಆಸ್ಟ್ರಿಯಾದವರು, 30 ವಯಸ್ಸು, ಆ ಕಾಲದಲ್ಲಿ ಸ್ಲಾಲಮ್ ಅಂದರೆ ಅವರೇ. 2008ರಲ್ಲಿ ತರಬೇತಿಯ ಹೊತ್ತಿನಲ್ಲಿ ಕಾಲು ಮುರಿದು ಇಡೀ ಋತು ಮನೆಯಲ್ಲಿ ಕೂತಿದ್ದವರು ಅವರು. ಅಲ್ಲಿಂದ ಎದ್ದು ಬಂದು ಮೊದಲಿಗಿಂತ ಚೆನ್ನಾಗಿ ಆಡಿದರು. ಆವತ್ತು ಮೂರನೇ ಜಾಗಕ್ಕೆ ಬಂದವಳು 16 ವರ್ಷದ ಅಮೆರಿಕದ ಹುಡುಗಿ. ನಂಬರ್ 40. ಅಂದರೆ ತನಗಿಂತ ಮುಂಚೆ 39 ಜನ ಇಳಿದು ಕೆದಕಿದ ದಾರಿಯಲ್ಲಿ ಇಳಿದು ಬಂದಿದ್ದಳು. ವಿಶ್ವಕಪ್‌ನಲ್ಲಿ ಮೊದಲ ಮೂವರ ಸಾಲಿಗೆ ಅವಳು ಏರಿದ್ದು ಅದೇ ಮೊದಲು. ಅವಳೇ ಮಿಕೇಲಾ ಶಿಫ್ರಿನ್. ಶಿಲ್ಡ್ ತನಗೆ ಆದರ್ಶ, ಅವರ ಸ್ಕೀಯಿಂಗ್ ನೋಡಿ ಕಲಿತೆ ಅಂತ ಶಿಫ್ರಿನ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ದಿನ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತಿದ್ದರು.

ಎರಡು ವರ್ಷದ ನಂತರ ಮತ್ತೆ ಲೀಯೆಂಟ್ಸ್, ಮತ್ತೆ ಡಿಸೆಂಬರ್ 29. ಸ್ವಿಟ್ಜರ್ಲೆಂಡಿನ ವ್ರೇನಿ ಶ್ನೈಡರ್ 1995ರಲ್ಲಿ ಆಟ ಬಿಡುವಾಗ ಅವರ ಹೆಸರಲ್ಲಿ 34 ಸ್ಲಾಲಮ್ ಗೆಲುವುಗಳಿದ್ದವು. ಹೆಂಗಸರಲ್ಲಿ ಅದೇ ದಾಖಲೆ. ಶಿಲ್ಡ್ ಅದನ್ನು ಆ ತಿಂಗಳೇ ಸರಿಗಟ್ಟಿದ್ದರು. ಲೀಯೆಂಟ್ಸ್‌ನಲ್ಲಿ 35ನೆಯದನ್ನು ಗೆದ್ದು ಮುರಿದರು, ಅದೂ ತಮ್ಮದೇ ದೇಶದ ಜನರ ಮುಂದೆ. ಎರಡು ತಿಂಗಳಿಗೆ ಸೋಚಿ ಒಲಿಂಪಿಕ್ಸ್. ಅಲ್ಲಿ ಸ್ಲಾಲಮ್ ಚಿನ್ನ 18 ವರ್ಷದ ಶಿಫ್ರಿನ್‌ಗೆ, ಬೆಳ್ಳಿ ಶಿಲ್ಡ್‌ಗೆ. ಇಷ್ಟೆಲ್ಲ ಗೆದ್ದ ಶಿಲ್ಡ್ ಅವರಿಗೆ ಒಲಿಂಪಿಕ್ ಚಿನ್ನ ಕೊನೆಗೂ ಸಿಗಲಿಲ್ಲ. ನನಗೆ ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ. ಅದೇ ವರ್ಷ ಅವರು ಆಟ ಬಿಟ್ಟರು.

35ರ ದಾಖಲೆ ಐದು ವರ್ಷ ನಿಂತಿತು. ಮುರಿದದ್ದು ಎಲ್ಲಿ ಅಂತ ಊಹಿಸಬಲ್ಲಿರಿ. 2018ರ ಡಿಸೆಂಬರ್ 29, ಸೆಮ್ಮರಿಂಗ್. ಶಿಫ್ರಿನ್‌ಗೆ 36ನೇ ಸ್ಲಾಲಮ್ ಗೆಲುವು. ಸ್ಲೊವಾಕಿಯಾದ ಪೆಟ್ರಾ ವ್ಲ್ಹೊವಾ ಎರಡನೆಯವರು. ಒಂದೇ ಕ್ಯಾಲೆಂಡರ್ ವರ್ಷದಲ್ಲಿ 15 ವಿಶ್ವಕಪ್ ಸ್ಪರ್ಧೆ ಗೆದ್ದವರು ಅದಕ್ಕೆ ಮುಂಚೆ ಗಂಡಸರಲ್ಲೂ ಯಾರಿರಲಿಲ್ಲ. ಅದೂ ಆ ಸಂಜೆಯೇ ಆಯಿತು. ಶಿಲ್ಡ್ ದಾಖಲೆ ಬರೆದದ್ದೂ ಶಿಫ್ರಿನ್ ಅದನ್ನು ಅಳಿಸಿದ್ದೂ ಇದೇ ಸ್ಪರ್ಧೆಯಲ್ಲಿ, ಒಂದೇ ತಾರೀಖಿನಲ್ಲಿ. ಚರಿತ್ರೆ ಇದೆಯಾ ಅಂತ ಕೇಳಿದಿರಲ್ಲ, ಇದಕ್ಕಿಂತ ಬೇರೆ ಚರಿತ್ರೆ ಯಾಕೆ ಬೇಕು ಹೇಳಿ.

ಇನ್ನೊಂದು ವಿಷಯ ಹೇಳಬೇಕು, ಇದನ್ನು ಗಮನಿಸಿದವರು ಕಡಿಮೆ. ಸೆಮ್ಮರಿಂಗಿನಲ್ಲಿ ಶಿಫ್ರಿನ್ ಎರಡು ಸಲ ಮೂರು ದಿನದಲ್ಲಿ ಮೂರು ಸ್ಪರ್ಧೆ ಗೆದ್ದಿದ್ದಾರೆ, 2016ರಲ್ಲಿ ಮತ್ತು 2022ರಲ್ಲಿ. ಸರದಿಯ ಪ್ರಕಾರ ಇರುವುದು ಎರಡೇ ಸ್ಪರ್ಧೆ, ಮೂರನೆಯದು ಎಲ್ಲಿಂದ ಬಂತು? 2016ರಲ್ಲಿ ಫ್ರಾನ್ಸಿನ ಕುರ್ಶವೆಲ್‌ನಲ್ಲಿ ಗಾಳಿಗೆ ಜೈಂಟ್ ಸ್ಲಾಲಮ್ ನಿಂತುಹೋಗಿತ್ತು. 2022ರ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಸೋಲ್ಡೆನ್‌ನಲ್ಲಿ ಹವಾಮಾನ ಕೆಟ್ಟು ಹೆಂಗಸರ ಸ್ಪರ್ಧೆ ರದ್ದಾಗಿತ್ತು. ಎರಡೂ ಸಲ ತಪ್ಪಿಹೋದ ಸ್ಪರ್ಧೆಯನ್ನು ಮೈಮೇಲೆ ಹಾಕಿಕೊಂಡದ್ದು ಸೆಮ್ಮರಿಂಗ್. ಅಲ್ಲಿನ ಬೆಟ್ಟ ಎತ್ತರದ್ದಲ್ಲ, ಹಿಮನದಿ ಇಲ್ಲ, ಯಂತ್ರದಿಂದ ಮಾಡಿದ ಹಿಮವನ್ನೇ ನಂಬಿಕೊಳ್ಳಬೇಕು. ಅಂಥ ಕಡೆ ಮೂರು ದಿನ, ಆರು ರನ್, ಪ್ರತಿ ರನ್‌ಗೂ ಹತ್ತಾರು ಜನ ಇಳಿಯುವ ದಾರಿಯನ್ನು ಗಟ್ಟಿಯಾಗಿ ಉಳಿಸಿಕೊಂಡವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. 2022ರ ಆ ಮೂರು ದಿನದ ಕೊನೆಗೆ ಶಿಫ್ರಿನ್ ಅವರ ಒಟ್ಟು ಗೆಲುವು 80 ಆಯಿತು. ಮುಂದಿನ ಮಾರ್ಚ್‌ನಲ್ಲಿ ಅವರು ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಅವರ 86 ಗೆಲುವಿನ ದಾಖಲೆಯನ್ನೂ ದಾಟಿದರು.

ಹಾಗಂತ ಇದು ಒಬ್ಬರದೇ ಕಥೆ ಅಂದುಕೊಳ್ಳಬೇಡಿ. 2020ರ ಸೆಮ್ಮರಿಂಗ್ ನನಗೆ ಬಹಳ ಇಷ್ಟ. ಕೊರೊನಾ ಕಾಲ, ಪ್ರೇಕ್ಷಕರಿಲ್ಲ. ಜೈಂಟ್ ಸ್ಲಾಲಮ್ ಗಾಳಿಗೆ ಸಿಕ್ಕಿ ಅರ್ಧಕ್ಕೇ ನಿಂತಿತು. ಮರುದಿನ ಸ್ಲಾಲಮ್. ಅಲ್ಲಿಯವರೆಗೆ ನಾಲ್ಕು ವರ್ಷದ ಹತ್ತಿರ, ಸಾಲಾಗಿ 28 ವಿಶ್ವಕಪ್ ಸ್ಲಾಲಮ್‌ಗಳನ್ನು ಶಿಫ್ರಿನ್ ಮತ್ತು ವ್ಲ್ಹೊವಾ ಇಬ್ಬರೇ ಹಂಚಿಕೊಂಡಿದ್ದರು. ಮೂರನೆಯವರಿಗೆ ಜಾಗವೇ ಇರಲಿಲ್ಲ. ಆವತ್ತು ಸ್ವಿಟ್ಜರ್ಲೆಂಡಿನ ಮಿಶೆಲ್ ಗೀಸಿನ್ ಗೆದ್ದರು. ವಿಶ್ವಕಪ್‌ನಲ್ಲಿ ಅವರಿಗೆ ಅದು ಮೊದಲ ಗೆಲುವು. ಚಪ್ಪಾಳೆ ಹೊಡೆಯಲು ಬೆಟ್ಟದ ಬುಡದಲ್ಲಿ ಜನರೇ ಇಲ್ಲ. 2024ರಲ್ಲಿ ಶಿಫ್ರಿನ್ ಗಾಯಗೊಂಡು ಮನೆಯಲ್ಲಿದ್ದರು. ಜೈಂಟ್ ಸ್ಲಾಲಮ್ ಅನ್ನು 34 ವರ್ಷದ ಇಟಲಿಯ ಫೆಡೆರಿಕಾ ಬ್ರಿನ್ಯೋನೆ ಗೆದ್ದರೆ, ಸ್ಲಾಲಮ್ ಅನ್ನು 20 ವರ್ಷದ ಕ್ರೊಯೇಷಿಯಾದ ಝ್ರಿಂಕಾ ಲ್ಯೂಟಿಚ್ ಗೆದ್ದರು. ಅವರಿಗೂ ಅದು ಮೊದಲನೆಯದೇ.

ಗಂಡಸರ ಸ್ಪರ್ಧೆಗೆ ಹೋಲಿಸಿ ಕೇಳಿದ್ದರಿಂದ ಇಷ್ಟು ಸೇರಿಸುತ್ತೇನೆ. ಕಿಟ್ಸ್‌ಬ್ಯೂಲ್‌ನಲ್ಲಿ ಜನವರಿಯಲ್ಲಿ ನಡೆಯುವ ಗಂಡಸರ ಸ್ಪರ್ಧೆಗೆ ಇರುವಷ್ಟು ಜನ, ಸದ್ದು, ಹೆಸರು ಈ ಸ್ಪರ್ಧೆಗೆ ಇಲ್ಲ, ಒಪ್ಪಿಕೊಳ್ಳೋಣ. ಆದರೆ ಸ್ಲಾಲಮ್‌ನ ನಿಯಮ ಇಬ್ಬರಿಗೂ ಅದೇ. ಹೆಂಗಸರ ಸ್ಕೀ ಕನಿಷ್ಠ 155 ಸೆಂಟಿಮೀಟರ್ ಇರಬೇಕು, ಗಂಡಸರದ್ದು 165. ವಿಶ್ವಕಪ್‌ನಲ್ಲಿ ಕನಿಷ್ಠ ಬಹುಮಾನದ ಹಣ ಇಬ್ಬರಿಗೂ ಸಮ. ಎಷ್ಟೋ ದೊಡ್ಡ ಆಟಗಳಲ್ಲಿ ಇನ್ನೂ ಇದು ಆಗಿಲ್ಲ, ಅಲ್ವಾ?

ಹುಡುಗಿಯರಿಗೆ ಯಾವುದನ್ನು ತೋರಿಸಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2011ರ ಲೀಯೆಂಟ್ಸ್ ಸ್ಲಾಲಮ್ ಸಿಕ್ಕರೆ ಅದನ್ನು ತೋರಿಸಿ. ಗೆದ್ದವರ ರನ್ ಒಂದನ್ನೇ ಹಾಕಬೇಡಿ. ಮೊದಲು ಇಳಿದವರ ದಾರಿ ಹೇಗಿತ್ತು, 40ನೇ ನಂಬರ್ ಬರುವಾಗ ಅದು ಹೇಗಾಗಿತ್ತು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಪರದೆಯ ಮೂಲೆಯಲ್ಲಿ ಸಮಯ ಓಡುತ್ತಿರುತ್ತದೆ. ನಡುವಿನ ಗುರುತುಗಳಲ್ಲಿ ಹಸಿರು ಬಂದರೆ ಅಲ್ಲಿಯವರೆಗೆ ಮುಂದಿದ್ದಾಳೆ, ಕೆಂಪು ಬಂದರೆ ಹಿಂದಿದ್ದಾಳೆ. ಇಷ್ಟು ಹೇಳಿಕೊಟ್ಟರೆ ಸಾಕು, ಮಿಕ್ಕಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ.