ಮೃಗಾಲಯದ ಹಕ್ಕಿಗಳ ಫೋಟೊಗೆ 600 ಎಂಎಂ ಲೆನ್ಸ್ ಬೇಕೇ?

ದಾವಣಗೆರೆಯಿಂದ ಮೈಸೂರು ಮೃಗಾಲಯಕ್ಕೆ ಹೋಗಿ ವಿದೇಶಿ ಹಕ್ಕಿಗಳ ಫೋಟೊ ತೆಗೆಯಬೇಕು, ಅದಕ್ಕಾಗಿ ದೂರದ್ದನ್ನು ಬಹಳ ಹತ್ತಿರಕ್ಕೆ ಎಳೆದು ತೋರಿಸುವ 150–600 ಎಂಎಂ ಲೆನ್ಸನ್ನು ಕಂತಿನಲ್ಲಿ ಕೊಳ್ಳಲೇ, ಬಾಡಿಗೆಗೆ ತರಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಇರುವುದು 55–250 ಲೆನ್ಸ್ ಮಾತ್ರ ಎಂದೂ ಬರೆದಿದ್ದೀರಿ. ಆರು ವರ್ಷಗಳ ಹಿಂದೆ ನಾನು ಇದೇ ಊರಿನಲ್ಲಿ, ಇದೇ ಲೆನ್ಸನ್ನು ಕೈಯಲ್ಲಿ ಹಿಡಿದುಕೊಂಡು, ಇದೇ ಪ್ರಶ್ನೆಯನ್ನು ಕಂಡವರಿಗೆಲ್ಲ ಕೇಳುತ್ತಿದ್ದೆ. ಕೊನೆಗೆ ಯಾರ ಉತ್ತರಕ್ಕೂ ಕಾಯದೆ, ಎಂಬತ್ತು ಸಾವಿರ ರೂಪಾಯಿ ದಾಟಿದ ದೊಡ್ಡ ಲೆನ್ಸನ್ನು ಹನ್ನೆರಡು ಕಂತುಗಳಲ್ಲಿ ಕೊಂಡುಬಿಟ್ಟೆ.

ಅದು ಮಾರ್ಚ್ ತಿಂಗಳ ಮೊದಲ ವಾರ. ಶನಿವಾರ ಸಂಜೆ ಹೊಸ ಲೆನ್ಸಿಗೆ ಕೈ ಪಳಗಿಸಿಕೊಳ್ಳಲು ಕೊಂಡಜ್ಜಿ ಕೆರೆಗೆ ಹೋಗಿದ್ದೆ. ನೀರುಕಾಗೆಗಳು ದಡದಿಂದ ಬಹಳ ದೂರದಲ್ಲಿದ್ದವು. ಅಲ್ಲಿ ಸಿಕ್ಕ ಹಿರಿಯ ಹವ್ಯಾಸಿಯೊಬ್ಬರು ಲೆನ್ಸಿನ ಬದಿಯಲ್ಲಿದ್ದ ಪುಟ್ಟ ಸ್ವಿಚ್ಚನ್ನು ತೋರಿಸಿ, ದೂರದ ಹಕ್ಕಿಗಳಿಗೆ ಅದನ್ನು ‘ಹತ್ತು ಮೀಟರಿನಿಂದ ಅನಂತ’ ಎಂಬ ಗುರುತಿಗೆ ಸರಿಸಿಕೊಂಡರೆ ಫೋಕಸ್ ಬೇಗ ಸಿಗುತ್ತದೆ ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನನ್ನ ಕೈಯಿಂದಲೇ ಸ್ವಿಚ್ಚನ್ನು ಸರಿಸಿದೆ, ಕತ್ತಲಾಗುವವರೆಗೆ ಖುಷಿಯಾಗಿ ಫೋಟೊ ತೆಗೆದೆ, ಮನೆಗೆ ಬಂದು ಊಟ ಮಾಡಿ ರಾತ್ರಿ ರೈಲು ಹತ್ತಿದೆ. ಸ್ವಿಚ್ಚು ಹತ್ತು ಮೀಟರಿನಲ್ಲೇ ಉಳಿಯಿತು.

ಮೈಸೂರು ಮೃಗಾಲಯ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಮೊದಲ ಹತ್ತು ಜನರಲ್ಲಿ ಒಬ್ಬನಾಗಿ ಒಳಗೆ ಹೋಗಿ, ನೇರವಾಗಿ ಗೋಲ್ಡನ್ ಫೆಸೆಂಟ್ ಪಂಜರದ ಮುಂದೆ ನಿಂತೆ. ಚೀನಾದ ಬೆಟ್ಟಗಾಡಿನ ಈ ಕೋಳಿಜಾತಿಯ ಹಕ್ಕಿಯ ಗಂಡು, ಬೆದೆಯ ಕಾಲದಲ್ಲಿ ಹೆಣ್ಣಿನ ಎದುರು ಓಡಿ ಬಂದು, ಕತ್ತಿನ ಸುತ್ತಲಿನ ಕಿತ್ತಳೆ ಬಣ್ಣದ, ಕಪ್ಪು ಗೆರೆಗಳ ಗರಿಗಳನ್ನು ಬೀಸಣಿಗೆಯಂತೆ ಮುಖದ ಒಂದು ಪಕ್ಕಕ್ಕೆ ಹರಡುತ್ತದೆ. ಬೀಸಣಿಗೆಯ ಮೇಲೆ ಕಣ್ಣೊಂದು ಮಾತ್ರ ಇಣುಕುತ್ತದೆ. ಈ ಆಟ ಕೆಲವೇ ಸೆಕೆಂಡುಗಳದ್ದು. ನಾನು ನಿಂತು ಕಾಲು ಗಂಟೆಯೂ ಆಗಿರಲಿಲ್ಲ, ಅದು ನನ್ನಿಂದ ನಾಲ್ಕು ಮೀಟರ್ ದೂರದಲ್ಲಿ ಆರಂಭವಾಯಿತು. ಲೆನ್ಸ್ ಗರ್ ಎಂದು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೋಯಿತು, ನಿಂತಿತು. ವ್ಯೂಫೈಂಡರಿನಲ್ಲಿ ಕಂಡದ್ದು ಅರಿಶಿನ ಕುಂಕುಮ ಕಲಸಿದ ನೀರಿನಂಥ ಬಣ್ಣ ಮಾತ್ರ. ಆ ಬೆಳಿಗ್ಗೆ ಗಂಡು ನಾಲ್ಕು ಸಲ ಗರಿ ಬಿಚ್ಚಿತು, ನಾಲ್ಕು ಸಲವೂ ನನಗೆ ಸಿಕ್ಕಿದ್ದು ಅದೇ ಬಣ್ಣದ ನೀರು.

ಈ ತಪ್ಪನ್ನು ನಾನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ, ಏಕೆಂದರೆ ದೊಡ್ಡ ಲೆನ್ಸ್ ಕೊಂಡವರಲ್ಲಿ ಇದನ್ನು ಮಾಡಿದವನು ನಾನೊಬ್ಬನೇ ಅಲ್ಲ. ಉದ್ದದ ಲೆನ್ಸಿನ ಮೋಟಾರು ಅತಿ ಹತ್ತಿರದಿಂದ ಅನಂತದವರೆಗೆ ಹುಡುಕುತ್ತಾ ಹೋದರೆ ಬಹಳ ಹೊತ್ತು ಹಿಡಿಯುತ್ತದೆ. ಆದ್ದರಿಂದ ತಯಾರಕರು ಹುಡುಕಾಟದ ದಾರಿಯನ್ನು ಕತ್ತರಿಸುವ ಸ್ವಿಚ್ಚನ್ನು ಕೊಟ್ಟಿರುತ್ತಾರೆ. ನನ್ನ ಲೆನ್ಸಿನಲ್ಲಿ ಮೂರು ಗುರುತುಗಳಿದ್ದವು: ಪೂರ್ತಿ, ಹತ್ತು ಮೀಟರಿನಿಂದ ಆಚೆ, 2.8ರಿಂದ ಹತ್ತು ಮೀಟರ್. ಎರಡನೆಯ ಗುರುತಿನಲ್ಲಿದ್ದಾಗ ಹತ್ತು ಮೀಟರಿಗಿಂತ ಹತ್ತಿರದ ಜಗತ್ತು ಆ ಮೋಟಾರಿನ ಪಾಲಿಗೆ ಇರುವುದೇ ಇಲ್ಲ. ಪಂಜರದ ಹಕ್ಕಿಗಳಾದರೋ ಹೆಚ್ಚುಕಡಿಮೆ ಎಲ್ಲವೂ ಆ ಹತ್ತು ಮೀಟರಿನ ಒಳಗೇ ಇರುತ್ತವೆ. ಕೈಯಿಂದ ಫೋಕಸ್ ಉಂಗುರವನ್ನು ತಿರುಗಿಸಿದ್ದರೆ ಹಕ್ಕಿ ಸ್ಪಷ್ಟವಾಗುತ್ತಿತ್ತು, ಗಾಜಿನಲ್ಲಿ ದೋಷವಿಲ್ಲ ಎಂಬುದೂ ಆಗಲೇ ತಿಳಿಯುತ್ತಿತ್ತು. ಆದರೆ ಕೈಯಿಂದ ಫೋಕಸ್ ಮಾಡುವುದು ಹಳೆಯ ಕಾಲದವರ ಕೆಲಸ ಎಂದು ನಾನು ಆ ಉಂಗುರವನ್ನು ಮುಟ್ಟಲೇ ಇಲ್ಲ. ಮೊದಲು ಬೆಳಕು ಸಾಲದು ಎಂದುಕೊಂಡೆ. ಆಮೇಲೆ ಜಾಲರಿ ಕ್ಯಾಮೆರಾವನ್ನು ಗೊಂದಲಗೊಳಿಸುತ್ತಿದೆ ಎಂದುಕೊಂಡೆ. ಜಾಲರಿಗೆ ನಿಜವಾಗಿಯೂ ಆ ಗುಣವಿರುವುದರಿಂದ ಈ ಊಹೆಯನ್ನೇ ನಂಬಿ ಒಂದು ಗಂಟೆ ಕಳೆದೆ. ಆಮೇಲೆ ಲೆನ್ಸನ್ನು ಬಿಚ್ಚಿ, ಹಿಂಬದಿಯ ಲೋಹದ ಬಿಂದುಗಳನ್ನು ಕರವಸ್ತ್ರದ ಅಂಚಿನಿಂದ ಒರೆಸಿದೆ. ಮಕಾವ್ ಗಿಳಿಗಳ ಮುಂದೆಯೂ ಇದೇ ಕಥೆ.

ನನ್ನನ್ನು ಪೂರ್ತಿಯಾಗಿ ದಾರಿ ತಪ್ಪಿಸಿದ್ದು ಕಾರಂಜಿ ಕೆರೆ. ಬೇಸರದಿಂದ ಮಧ್ಯಾಹ್ನ ಪಕ್ಕದ ಆ ಕೆರೆಯ ದಡಕ್ಕೆ ಹೋದರೆ, ದೂರದ ಮರಗಳ ಮೇಲಿದ್ದ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಚಕ್ಕನೆ ಫೋಕಸ್ಸಿಗೆ ಬಂದವು. ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ, ಅಂದಮೇಲೆ ಒಳಗೆ ಏನೋ ಸಡಿಲವಾಗಿದೆ ಎಂದು ತೀರ್ಮಾನಿಸಿ, ಊರಿಗೆ ಬಂದ ಮರುದಿನವೇ ಲೆನ್ಸನ್ನು ಬೆಂಗಳೂರಿನ ರಿಪೇರಿ ಕೇಂದ್ರಕ್ಕೆ ಕೊರಿಯರ್ ಮಾಡಿದೆ. ಮೂರು ವಾರಗಳ ನಂತರ ದೋಷವೇನೂ ಇಲ್ಲ ಎಂಬ ಚೀಟಿಯೊಂದಿಗೆ ಅದು ವಾಪಸ್ ಬಂತು. ಪರೀಕ್ಷೆಯ ಶುಲ್ಕ ಮತ್ತು ಕೊರಿಯರ್ ಸೇರಿ ಎರಡು ಸಾವಿರದ ಹತ್ತಿರ ಖರ್ಚಾಯಿತು. ಆದರೂ ಮನೆಯೊಳಗೆ ಅದು ಹಾಗೆಯೇ ಗರ್ ಎನ್ನುತ್ತಿತ್ತು. ಪಿ.ಜೆ. ಬಡಾವಣೆಯಲ್ಲಿ ಮದುವೆಯ ಫೋಟೊ ತೆಗೆಯುವ ಪರಿಚಿತರೊಬ್ಬರ ಸ್ಟುಡಿಯೊಗೆ ಒಯ್ದೆ. ಅವರು ಲೆನ್ಸನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, “ಇದನ್ನು ಯಾಕೆ ಸಾರ್ ಹತ್ತು ಮೀಟರಿಗೆ ಇಟ್ಟಿದ್ದೀರಿ?” ಎಂದು ಹೆಬ್ಬೆರಳಿನಿಂದ ಸ್ವಿಚ್ಚನ್ನು ಸರಿಸಿ, ಎದುರಿಗಿದ್ದ ಗೋಡೆ ಗಡಿಯಾರದ ಫೋಟೊ ತೆಗೆದು ತೋರಿಸಿದರು. ಸೆಕೆಂಡಿನ ಮುಳ್ಳು ಕೂದಲಿನಷ್ಟು ಸ್ಪಷ್ಟವಾಗಿತ್ತು. ಚಹಾ ತರಿಸಲೇ ಎಂದು ಅವರು ಕೇಳಿದರು. ಬೇಡ ಎಂದು ಎದ್ದು ಬಂದೆ.

ಸ್ವಿಚ್ಚು ಸರಿಹೋದ ಮೇಲೆ ಎರಡನೆಯ ಸಲ ಮೈಸೂರಿಗೆ ಹೋದೆನಲ್ಲ, ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ. ಪೂರ್ತಿ ಗುರುತಿಗೆ ಇಟ್ಟರೂ ಆ ಲೆನ್ಸಿನ ಹತ್ತಿರದ ಮಿತಿ 2.8 ಮೀಟರ್. ಪಂಜರದ ಹಕ್ಕಿ ಹೆದರಿ ದೂರ ಓಡುವುದಿಲ್ಲ. ಜಾಲರಿಯ ಪಕ್ಕದಲ್ಲೇ ಅತ್ತಿಂದಿತ್ತ ನಡೆದಾಡುತ್ತದೆ. ಅದು ಬಳಿಗೆ ಬಂದಾಗಲೆಲ್ಲ ನಾನು ಬೆನ್ನ ಹಿಂದಿನ ಜನರನ್ನು ತಳ್ಳಿಕೊಂಡು ಹಿಂದಕ್ಕೆ ಸರಿಯಬೇಕಾಗುತ್ತಿತ್ತು. ಮೂರು ಮೀಟರಿನಲ್ಲಿರುವ ಮಕಾವ್ ಗಿಳಿಗೆ 600 ಎಂಎಂ ಹಿಡಿದರೆ ಚೌಕಟ್ಟಿನ ತುಂಬ ಕೊಕ್ಕು, ಕಣ್ಣು, ಆ ಬಿಳಿ ಕೆನ್ನೆಯ ಮೇಲಿನ ಸಣ್ಣ ಗರಿಗಳ ಗೆರೆಗಳು ಮಾತ್ರ ಬರುತ್ತವೆ. ಒಂದು ಫೋಟೊಗೆ ಅದು ಚೆನ್ನ, ನಲವತ್ತು ಫೋಟೊಗೆ ಅಲ್ಲ. ಉದ್ದದ ಲೆನ್ಸು ಪಂಜರದ ಜಾಲರಿಯನ್ನು ಚಿತ್ರದಲ್ಲಿ ಕಾಣದಂತೆ ಚೆನ್ನಾಗಿ ಕರಗಿಸುತ್ತದೆ ಎಂದು ಯಾರಾದರೂ ನಿಮಗೆ ಹೇಳಬಹುದು, ಅದು ಸುಳ್ಳಲ್ಲ. ಆದರೆ ಹೆಚ್ಚುಕಡಿಮೆ ಎರಡು ಕಿಲೊ ತೂಕವನ್ನು ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಹಿಡಿದು, ಮರದ ನೆರಳಿನಲ್ಲಿ 6.3 ಅಪರ್ಚರಿನಲ್ಲಿ (ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಅಂಕಿ ಹೆಚ್ಚಾದಷ್ಟೂ ಕಂಡಿ ಕಿರಿದು) ಒದ್ದಾಡುವುದಕ್ಕಿಂತ, ನಿಮ್ಮ ಬಳಿ ಇರುವ ಲೆನ್ಸಿನಲ್ಲೇ ಆ ಕೆಲಸವನ್ನು ಮುಗಿಸಬಹುದು. ಮೃಗಾಲಯದಲ್ಲಿ ದೂರ ಎಂಬ ತೊಂದರೆಯೇ ಇಲ್ಲದಿರುವಾಗ, ದೂರವನ್ನು ಗೆಲ್ಲುವ ಲೆನ್ಸಿಗೆ ಏಕೆ ಸಾಲ ಮಾಡುತ್ತೀರಿ? ಬಾಡಿಗೆಯೂ ಬೇಡ. ಸ್ವಂತ ಲೆನ್ಸಿನ ಸ್ವಿಚ್ಚೇ ಗೊತ್ತಿರದ ನನ್ನಂಥವನಿಗೆ ಒಂದು ದಿನದ ಬಾಡಿಗೆ ಲೆನ್ಸ್ ಏನು ಒಲಿದೀತು?

ಅಲ್ಲಿ ನಿಜವಾದ ಎದುರಾಳಿ ಜಾಲರಿ, ಮತ್ತು ಅದನ್ನು ನಾನು ಕಲಿತದ್ದು ಮೈಸೂರಿನಲ್ಲಲ್ಲ, ವಿದ್ಯಾನಗರದ ನಮ್ಮ ಪಕ್ಕದ ಮನೆಯ ತಾರಸಿಯಲ್ಲಿ. ಅವರು ಲವ್‌ಬರ್ಡ್ಸ್ ಸಾಕಿದ್ದಾರೆ. ಅಂದರೆ ಎಲ್ಲರೂ ಹಾಗೆ ಕರೆಯುವ, ನಿಜಕ್ಕೂ ಆಸ್ಟ್ರೇಲಿಯಾ ಮೂಲದ ಬಜರಿಗರ್ ಗಿಳಿಗಳು. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಆ ಮನೆಯ ಆಂಟಿಯ ಒಪ್ಪಿಗೆ ಪಡೆದು ಒಂದು ತಿಂಗಳು ದಿನಾ ಬೆಳಿಗ್ಗೆ ಆ ಪಂಜರದ ಮುಂದೆ ಕುಳಿತೆ. ಲೆನ್ಸನ್ನು 250 ಎಂಎಂಗೆ ಎಳೆದು, ಅಪರ್ಚರನ್ನು ಪೂರ್ತಿ ತೆರೆದು 5.6ರಲ್ಲಿಟ್ಟರೆ, ಬೆಳಕು ಒಳಗೆ ಬರುವ ಕಂಡಿ ಸುಮಾರು 45 ಮಿಲಿಮೀಟರ್ ಅಗಲವಾಗುತ್ತದೆ. ಅದರ ಮುಂದೆ ಬಳಿಯಲ್ಲೇ ಎರಡು ಮಿಲಿಮೀಟರಿನ ತಂತಿ ಬಂದರೆ ಆ ಕಂಡಿಯ ಸಣ್ಣ ಪಾಲನ್ನಷ್ಟೇ ಮುಚ್ಚುತ್ತದೆ, ಚಿತ್ರದಲ್ಲಿ ತಂತಿ ಆವಿಯಾಗುತ್ತದೆ. ಹಕ್ಕಿ ತಂತಿಯಿಂದ ದೂರವಿದ್ದಷ್ಟೂ, ಲೆನ್ಸ್ ತಂತಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಅಪರ್ಚರನ್ನು 11ಕ್ಕೆ ಕಿರಿದು ಮಾಡಿದೊಡನೆ ತಂತಿಯ ಗೆರೆಗಳು ಹಕ್ಕಿಯ ಮೈಮೇಲೆ ಮತ್ತೆ ಮೂಡುತ್ತವೆ. ಸ್ವಯಂಚಾಲಿತ ಮೋಡಿನಲ್ಲಿ ಕ್ಯಾಮೆರಾವನ್ನು ಬಿಟ್ಟವರ ಫೋಟೊಗಳೆಲ್ಲ ಚೌಕುಳಿಯಾಗುವುದಕ್ಕೆ ಬಹುಪಾಲು ಇದೇ ಕಾರಣ.

ತಂತಿಯ ಮೇಲೆ ಬಿಸಿಲು ಬಿದ್ದಿದೆಯೇ ಎಂಬುದು ಇದಕ್ಕಿಂತಲೂ ಮುಖ್ಯ. ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯದಲ್ಲಿ ಚಿರತೆಯ ಆವರಣದ ಮುಂದೆ ಅರ್ಧ ದಿನ ನಿಂತು ಇದನ್ನು ಮನವರಿಕೆ ಮಾಡಿಕೊಂಡೆ. ಬಿಸಿಲು ಬಿದ್ದ ಜಾಲರಿ ಕರಗಿದರೂ, ಚಿತ್ರದ ಮೇಲೆ ಹಾಲು ಚೆಲ್ಲಿದಂಥ ಮಬ್ಬನ್ನು ಉಳಿಸುತ್ತದೆ. ನೆರಳಿನಲ್ಲಿರುವ ಅದೇ ಜಾಲರಿ ಗುರುತೂ ಇಲ್ಲದಂತೆ ಮಾಯವಾಗುತ್ತದೆ. ಫ್ಲಾಶ್ ಹಾಕಿದರೆ ನೀವೇ ಜಾಲರಿಯ ಮೇಲೆ ಬಿಸಿಲು ಸುರಿದಂತೆ, ಹಕ್ಕಿಗೂ ಹಿಂಸೆ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ದೊಡ್ಡ ಮರಗಳಿಗೆ ಕೊರತೆಯಿಲ್ಲ. ಈಗ ಬಿಸಿಲಿರುವ ಪಂಜರದ ಮುಖ ಇನ್ನೊಂದು ಗಂಟೆಗೆ ನೆರಳಾಗಬಹುದು. ಮೊದಲ ಸುತ್ತಿನಲ್ಲಿ ಕ್ಯಾಮೆರಾ ತೆಗೆಯದೆ, ಯಾವ ಪಂಜರಕ್ಕೆ ಯಾವಾಗ ನೆರಳು ಬರುತ್ತದೆ ಎಂದು ನೋಡುತ್ತಾ ನಡೆಯಿರಿ. ಹೀಗೆ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತು.

ಬಹುತೇಕ ಕಡೆ ಪಂಜರಕ್ಕೂ ನಮಗೂ ನಡುವೆ ಕಂಬಿಯ ತಡೆಯಿರುತ್ತದೆ. ಲೆನ್ಸನ್ನು ಜಾಲರಿಗೆ ತಾಗಿಸುವ ಆಸೆಯಿಂದ ಅದರ ಮೇಲೆ ಬಾಗಬೇಡಿ. ತಡೆಯ ಈಚೆಯಿಂದಲೇ, ಹಕ್ಕಿ ಪಂಜರದ ಹಿಂಭಾಗದ ಕಡೆ ಹೋದಾಗ ಒತ್ತಿದರೆ ಸಾಕು. ಶಿಳ್ಳೆ ಹೊಡೆದು ಗಿಳಿಯ ತಲೆ ತಿರುಗಿಸುವವರನ್ನೂ, ಕಡಲೆ ಎಸೆದು ಕರೆಯುವವರನ್ನೂ ನೀವು ಖಂಡಿತ ನೋಡುತ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಮೃಗಾಲಯದಲ್ಲಿ ಪ್ರಾಣಿಗಳನ್ನು ಕೆಣಕುವುದು, ಅವಕ್ಕೆ ತಿನ್ನಿಸುವುದು, ಗದ್ದಲ ಮಾಡುವುದು ಎಲ್ಲವೂ ನಿಷಿದ್ಧ. ಅದಕ್ಕೂ ಮೊದಲು, ಶಿಳ್ಳೆಗೆ ತಿರುಗಿದ ಹಕ್ಕಿಯ ಮುಖದಲ್ಲಿ ಗಾಬರಿಯಲ್ಲದೆ ಬೇರೇನೂ ಇರುವುದಿಲ್ಲ, ಆ ಫೋಟೊ ಯಾವ ಕೆಲಸಕ್ಕೂ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಪಂಜರದ ಒಳಗಿನ ಕತ್ತಲನ್ನು ಕಂಡು ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸಲು ನೋಡುತ್ತದೆ, ಆಗ ಫೆಸೆಂಟಿನ ಹಳದಿ ಜುಟ್ಟು, ಮಕಾವಿನ ಕೆಂಪು, ಸಿಲ್ವರ್ ಫೆಸೆಂಟಿನ ಬಿಳಿ ಬೆನ್ನು ಗರಿಗಳಿಲ್ಲದ ಬಣ್ಣದ ಮುದ್ದೆಗಳಾಗುತ್ತವೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರದ ಬೆಳಕಿನ ಮಟ್ಟವನ್ನು, ಮೈನಸ್ 0.7ಕ್ಕೆ ಇಳಿಸಿ, ಫೋಕಸ್ ಬಿಂದುವನ್ನು ಒಂದೇ ಒಂದಕ್ಕೆ ಸೀಮಿತಗೊಳಿಸಿ ಕಣ್ಣಿನ ಮೇಲಿಡಿ. ಆಗಲೂ ಕ್ಯಾಮೆರಾ ಜಾಲರಿಯನ್ನೇ ಹಿಡಿದರೆ ಸಂಕೋಚವಿಲ್ಲದೆ ಉಂಗುರವನ್ನು ಕೈಯಿಂದ ತಿರುಗಿಸಿ. ಸುಮ್ಮನೆ ಕುಳಿತ ಗಿಳಿಗೆ ಶಟರ್ ವೇಗ 1/250 ಸೆಕೆಂಡ್ ಸಾಕು. ಗರಿ ಬಿಚ್ಚಿ ಕುಣಿಯುವ ಫೆಸೆಂಟಿಗೆ 1/500ಕ್ಕಿಂತ ಕಡಿಮೆ ಬೇಡ, ಅದಕ್ಕಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಚಿಂತೆಯಿಲ್ಲ.

ಆ ದೊಡ್ಡ ಲೆನ್ಸನ್ನು ಎರಡು ವರ್ಷದ ನಂತರ ಇಪ್ಪತ್ತು ಸಾವಿರ ಕಳೆದುಕೊಂಡು ಮಾರಿದೆ. ಗೋಲ್ಡನ್ ಫೆಸೆಂಟ್ ಗರಿ ಬಿಚ್ಚಿದ ಚಿತ್ರ ನನಗೆ ಸಿಕ್ಕಿದ್ದು ಮೂರನೆಯ ಪ್ರವಾಸದಲ್ಲಿ, ಬೀರುವಿನಿಂದ ಮತ್ತೆ ಹೊರಬಂದ ಹಳೆಯ 55–250ರಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ, ಜಾಲರಿಯ ಮೇಲೆ ನೆರಳಿದ್ದಾಗ. ಕೊಂಡಜ್ಜಿಯ ನೀರುಕಾಗೆಗಳಿಗಾಗಿ 600 ಎಂಎಂ ಬೇಕೆಂದು ನೀವು ಇನ್ನೊಂದು ಪ್ರಶ್ನೆ ಕೇಳಿದರೆ ನನ್ನ ಉತ್ತರ ಬೇರೆಯಾಗಿರುತ್ತದೆ. ಮೈಸೂರಿಗೆ ಹೊರಡುವುದಾದರೆ ಮಂಗಳವಾರ ಅಲ್ಲಿ ರಜೆ ಎಂಬುದನ್ನು ನೆನಪಿಡಿ. ಭಾನುವಾರವನ್ನೂ ಬಿಟ್ಟು, ಬುಧವಾರವೋ ಗುರುವಾರವೋ ಬೆಳಿಗ್ಗೆ ಎಂಟೂಕಾಲಿಗೇ ಗೇಟಿನ ಮುಂದಿರಿ, ಕ್ಯಾಮೆರಾದ ಟಿಕೆಟನ್ನು ಮರೆಯದೆ ಕೇಳಿ ಪಡೆಯಿರಿ.